ರಾಷ್ಟ್ರೀಯ ದಿನಕ್ಕೆ ಮನೆಮಂದಿಯೆಲ್ಲ ಬನ್ನಿ

ದುಬೈಯಲ್ಲಿ ಹೊಸಬರು ಪರಿಚಯವಾದ ಕೂಡಲೇ ಕೇಳುವುದು ‘ಎಲ್ಲಿ ಕೆಲಸ?’ ಎಂದು. ಉಳಿದವರಿಗೆ ಇದು ಸುಲಭದ ಪ್ರಶ್ನೆ. ಅಲ್ ಕೂಜ್‌ನ ಗೋದಾಮು ಎನ್ನುತ್ತಾರೆ, ಇಲ್ಲವೇ ಯಾವುದೋ ಬ್ಯಾಂಕು ಎನ್ನುತ್ತಾರೆ, ಮಾತು ಮುಂದಕ್ಕೆ ಹೋಗುತ್ತದೆ. ನಾನು ‘ಆಫ್ರಿಕದ ಒಂದು ಸಣ್ಣ ದೇಶದ ಕಾನ್ಸುಲೇಟಿನಲ್ಲಿ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ದೇಶದ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಗುಟ್ಟೇನಲ್ಲ. ಬರೆದರೆ ನೀವು ಅದರ ಪಕ್ಕದ ದೊಡ್ಡ ದೇಶದ ಹೆಸರೆತ್ತಿ ‘ಅದೇ ಅಲ್ವಾ?’ ಎನ್ನುತ್ತೀರಿ. ‘ಉಡುಪಿಯಾ? ಮಂಗಳೂರು ಅಂತ ಹೇಳಿ’ ಎಂದವರೊಡನೆ ಮಾತು ಬಿಟ್ಟವನು ನಾನು, ಆ ಸಂಕಟ ನನಗೆ ಗೊತ್ತು. ಹುಟ್ಟಿದ್ದು ಉಡುಪಿಯಲ್ಲಿ, ಇರುವುದು ದುಬೈಯಲ್ಲಿ, ಅನ್ನ ಹಾಕುವುದು ನಾನು ಒಮ್ಮೆಯೂ ಕಾಣದ ಮೂರನೇ ದೇಶ. ಆದರೂ ‘ನಮ್ಮ ದೇಶ’ ಎಂದು ಬಾಯಿಗೆ ಬರುವುದು ಆ ಮೂರನೆಯದೇ. ಮಗಳ ಓದಿಗೆಂದು ಅವಳನ್ನು ಕರೆದುಕೊಂಡು ಊರಿಗೆ ಮರಳಿದ ನನ್ನ ಹೆಂಡತಿ ಸುಮತಿ, ಫೋನಿನಲ್ಲಿ ‘ನಿಮ್ಮ ದೇಶದಲ್ಲಿ ಮಳೆ ಬಂತಾ?’ ಎಂದು ಕುಟುಕುವುದುಂಟು.

ನಮ್ಮ ಕಾನ್ಸುಲೇಟಿನಲ್ಲಿ ಇದ್ದದ್ದು ಕಾನ್ಸಲ್ ಸಾಹೇಬರು, ನಾನು ಮತ್ತು ಒಂದು ಧ್ವಜ. ಅದನ್ನು ಏರಿಸುವುದು, ಇಳಿಸುವುದು, ಗಾಳಿಗೆ ಕಂಬಕ್ಕೆ ಸುತ್ತಿಕೊಂಡರೆ ಬಿಡಿಸುವುದು ನನ್ನ ಕೆಲಸ. ವೀಸಾ ಕೇಳಿಕೊಂಡು ಬರುವವರು ಅಪರೂಪ. ಯಾರಾದರೂ ಬಂದರೆ ಸಾಹೇಬರೇ ಎದ್ದು ಬಂದು ಚಹಾ ಕುಡಿಸಿ ಕಳಿಸುತ್ತಿದ್ದರು. ಅವರ ಹೆಂಡತಿ ಮಕ್ಕಳೂ ಅವರ ಊರಲ್ಲೇ. ಆಗಿನ್ನೂ ಇಲ್ಲಿ ವಾರದ ರಜೆ ಶುಕ್ರವಾರದಿಂದ. ಗುರುವಾರ ಸಂಜೆ ಇಡೀ ನಗರ ರಜೆಗೆ ಹೊರಟಾಗ ನಮಗಿಬ್ಬರಿಗೂ ಹೋಗಲು ಜಾಗವಿರುತ್ತಿರಲಿಲ್ಲ. ಇಲ್ಲದ ಕೆಲಸವನ್ನು ನಿಧಾನವಾಗಿ ಮಾಡುತ್ತಾ, ಆಗಾಗ ಫೋನು ನೋಡಿಕೊಳ್ಳುತ್ತಾ ಕೂರುತ್ತಿದ್ದೆವು. ಮಗಳು ಕರೆ ಮಾಡಿದರೆ ‘ಐಯಾಮ್ ಫೈನ್ ಪಪ್ಪಾ, ಬೈ’ ಎಂದಿಟ್ಟುಬಿಡುತ್ತಿದ್ದಳು. ಸಾಹೇಬರ ಮಗನೂ ತನ್ನ ಭಾಷೆಯಲ್ಲಿ ಅಷ್ಟನ್ನೇ ಹೇಳುತ್ತಿದ್ದನೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ವಿದೇಶಾಂಗ ವ್ಯವಹಾರವೆಂದರೆ ಯುದ್ಧ, ಒಪ್ಪಂದ ಎಂದೆಲ್ಲ ನಾನು ತಿಳಿದಿದ್ದೆ. ಒಳಗೆ ಹೊಕ್ಕ ಮೇಲೆ ನೋಡಿದರೆ ಅದು ಮುಕ್ಕಾಲು ಪಾಲು ಮದುವೆಮನೆಯ ವ್ಯವಹಾರ. ಅವರ ರಾಷ್ಟ್ರೀಯ ದಿನಕ್ಕೆ ನಾವು ಹೋಗಬೇಕು, ನಮ್ಮದಕ್ಕೆ ಅವರು ಬರಬೇಕು. ಸಾಹೇಬರು ಕಸೂತಿಯ ನಿಲುವಂಗಿ ತೊಟ್ಟು ಎಲ್ಲರ ಸಮಾರಂಭಕ್ಕೂ ಹೋಗಿ, ಜ್ಯೂಸಿನ ಗ್ಲಾಸು ಹಿಡಿದು ಮೂಲೆಯಲ್ಲಿ ನಿಂತು ಬರುತ್ತಿದ್ದರು. ನಮ್ಮದಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ. ಹಿಂದಿನ ವರ್ಷ ಹೋಟೆಲಿನ ಹಾಲಿನಲ್ಲಿ ಇದ್ದವರು ನಾವಿಬ್ಬರು, ಹೋಟೆಲಿನ ಮ್ಯಾನೇಜರ್ ಮತ್ತು ಪಕ್ಕದ ಹಾಲಿನ ಹುಟ್ಟುಹಬ್ಬಕ್ಕೆ ಬಂದು ದಾರಿ ತಪ್ಪಿದ ಒಬ್ಬ ಮಹನೀಯರು. ಸಾಹೇಬರು ಬರೆದು ತಂದಿದ್ದ ಭಾಷಣವನ್ನು ಪೂರ್ತಿ ಓದಿದರು. ಮಿಕ್ಕ ಸಮೋಸಾ ನನ್ನ ವಾರದ ಊಟವಾಯಿತು.

ಈ ಸಲ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಸಮಾರಂಭಕ್ಕೆ ರಾಜಧಾನಿಯಿಂದ ಮಂತ್ರಿಗಳೇ ಬರುವವರಿದ್ದರು. ಸಮಾರಂಭದ ಹಾಲ್ ಖಾಲಿ ಕಂಡರೆ ಈ ಕಾನ್ಸುಲೇಟೇ ದಂಡ ಎಂದು ಬಾಗಿಲು ಹಾಕಿಸುತ್ತಾರೆಂದು ಸುದ್ದಿ. ಬಾಗಿಲು ಮುಚ್ಚಿದರೆ ನನ್ನ ವೀಸಾ ಖಲಾಸ್. ಸಾಹೇಬರಿಗೆ ಅದಕ್ಕಿಂತಲೂ ಅವಮಾನದ ಭಯ. ದಿನಾ ಬೆಳಿಗ್ಗೆ ಧ್ವಜದ ಕೆಳಗೆ ನಿಂತು, “ಮಿಸ್ಟರ್ ಶೇಖರ್, ಯಾರು ಬರುತ್ತಾರೆ?” ಎಂದು ಕೇಳುತ್ತಿದ್ದರು. ನಾನು ಧ್ವಜದ ಗಂಟು ಬಿಗಿ ಮಾಡುವ ನೆಪದಲ್ಲಿ ಮೇಲೆ ನೋಡುತ್ತಿದ್ದೆ.

ಸುಮತಿಗೆ ಹೇಳಿಕೊಂಡೆ. “ಕಾರ್ಡ್ ಹೇಗೆ ಕಳಿಸಿದ್ದು?” ಎಂದಳು. ಕೊರಿಯರಿನಲ್ಲಿ ಎಂದೆ. “ಹಾಗಾದ್ರೆ ಯಾರು ಬರ್ತಾರೆ ಮಾರಾಯ್ರೆ! ನಿಮ್ಮ ದೊಡ್ಡಪ್ಪಯ್ಯನ ಕಥೆ ಮರ್ತು ಹೋಯ್ತಾ?” ಮರೆಯುವುದುಂಟೇ? ನನ್ನ ತಂಗಿಯ ಮದುವೆಗೆ ದೊಡ್ಡಪ್ಪಯ್ಯನ ಮನೆಗೆ ಹೋಗಿ ಕರೆದು ಹೇಳಿಕೆ ಮಾಡದೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿದ್ದೆವು. ಅವರು ಮದುವೆಗೆ ಬರಲಿಲ್ಲ. ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಬೇಕಲ್ಲ, ಅದಕ್ಕೆ ಜರಿ ಶಾಲು ಹೊದ್ದು ಮದುವೆ ಹಾಲಿನ ಎದುರಿನ ಮೋರಿಕಟ್ಟೆಯ ಮೇಲೆ ಊಟ ಮುಗಿಯುವವರೆಗೂ ಕೂತಿದ್ದರು. ನಮ್ಮ ಕಡೆ ಕಾರ್ಡು ಬರೀ ಕಾಗದ. ಮನೆಗೆ ಹೋಗಿ, ಕೂತು, ಕೊಟ್ಟದ್ದನ್ನು ಕುಡಿದು, ‘ಮನೆಮಂದಿಯೆಲ್ಲ ಬರಬೇಕು, ಮೊದಲೇ ಬಂದು, ಓಡಾಡಿ ಸುಧಾರಿಸಿಕೊಡಬೇಕು’ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಕರೆದಂತೆ.

ಸರಿ, ದುಬೈಯ ಕಾನ್ಸುಲೇಟುಗಳಿಗೂ, ಬಸ್ಸು ಹತ್ತಿ ಹೋಗಿ ಅಬುಧಾಬಿಯ ರಾಯಭಾರ ಕಚೇರಿಗಳಿಗೂ ಹೇಳಿಕೆಗೆ ಹೊರಟೆ. ಒಳಗಿನ ದೊಡ್ಡವರನ್ನು ಕಾಣಲು ನನ್ನಂಥವನನ್ನು ಯಾರು ಬಿಡುತ್ತಾರೆ? ಕೂತದ್ದೆಲ್ಲ ಡ್ರೈವರುಗಳ ಕೋಣೆಯಲ್ಲಿ, ರಿಸೆಪ್ಷನ್ನಿನ ಬೆಂಚಿನಲ್ಲಿ. ಚಹಾ ಕೊಟ್ಟವರಿಗೆ ಹೇಳಿಕೆ ಮಾಡದೆ ಏಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಕಾರ್ಡನ್ನು ಒಳಗಿನವರಿಗೆಂದು ಕೊಟ್ಟು, ಎದುರಿಗಿದ್ದವರಿಗೆ ಅರೆ ಹಿಂದಿ, ಅರೆ ಇಂಗ್ಲಿಷಿನಲ್ಲಿ ‘ನೀವೂ ಫ್ಯಾಮಿಲಿ ಸಮೇತ ಬನ್ನಿ, ಬೇಗ ಬಂದು ಸ್ವಲ್ಪ ಸುಧಾರಿಸಿಕೊಡಿ’ ಎಂದುಬಿಡುತ್ತಿದ್ದೆ. ಯಾವ ಊರಿನಲ್ಲಾದರೂ ಇದು ಉಪಚಾರದ ಮಾತು. ಒಂದು ದೊಡ್ಡ ದೇಶದ ಕಾನ್ಸಲ್‌ಗೆ ಕಾರು ಓಡಿಸುವ ಭಟ್ಕಳದ ಮುನಾಫ್ ಭಾಯಿ ಮಾತ್ರ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ಶೇಖರಣ್ಣ, ಇಂಥ ಎಷ್ಟೋ ಪಾರ್ಟಿಗೆ ಸಾಹೇಬರನ್ನ ಬಿಟ್ಟು ಪಾರ್ಕಿಂಗ್‌ನಲ್ಲಿ ಕೂತಿದ್ದೇನೆ. ಒಳಗೆ ಬಾ ಅಂತ ಕರೆದವರು ಯಾರೂ ಇಲ್ಲ. ನಾನು ಬರ್ತೇನೆ, ನೋಡಿ.”

ಅವರು ಬಂದರು. ಅವರೊಬ್ಬರೇ ಅಲ್ಲ, ಎಲ್ಲರೂ ಬಂದರು. ಸಾಹೇಬರೂ ನಾನೂ ಹೋಟೆಲಿಗೆ ಹೋಗುವಷ್ಟರಲ್ಲಿ ಮುನಾಫ್ ಭಾಯಿ ಸೂಟು ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಬಂದಾಗಿತ್ತು. ಅಬುಧಾಬಿಯ ಮಲಯಾಳಿ ಅಡುಗೆಯವರು, ಫಿಲಿಪೀನ್ಸಿನ ರಿಸೆಪ್ಷನಿಸ್ಟು, ಅವಳ ತಂಗಿ, ತಂಗಿಯ ರೂಮ್‌ಮೇಟು, ಡ್ರೈವರುಗಳ ದೊಡ್ಡ ಹಿಂಡು. ನಾನು ಹೇಳಿದ್ದನ್ನು ಅಕ್ಷರಶಃ ನಂಬಿ ಸುಧಾರಿಸುವುದಕ್ಕೆ ನಿಂತುಬಿಟ್ಟಿದ್ದರು. ಇಂಥ ಕೂಟಗಳಲ್ಲಿ ನಿಂತೇ ತಿನ್ನುವುದು ಪದ್ಧತಿ. ಇವರು ಪಕ್ಕದ ಹಾಲಿನಿಂದ ಕುರ್ಚಿ ಹೊತ್ತು ತಂದು ಮದುವೆಯಂತೆ ಸಾಲಾಗಿ ಹಾಕಿದ್ದರು. ಹೋಟೆಲಿನವರ ಕೈಯಿಂದ ತಟ್ಟೆ ಕಸಿದುಕೊಂಡು ತಾವೇ ಬಡಿಸುತ್ತಿದ್ದರು. ಮಂತ್ರಿಗಳು ಇದನ್ನು ಕಂಡರೆ ಬಾಗಿಲು ಹಾಕಿಸುವುದೇ ಸೈ ಎಂದುಕೊಂಡೆ. ಮಂತ್ರಿಗಳು ಬಂದರು, ಸುತ್ತ ನೋಡಿದರು, ಕುರ್ಚಿಯಲ್ಲಿ ಕೂತು ಮಂಡಿ ಸವರಿಕೊಂಡು ‘ಅಬ್ಬಾ’ ಎಂದರು. ಮಂಡಿನೋವಿಗೆ ಯಾವ ದೇಶವೂ ಇಲ್ಲ.

ಇನ್ನು ಅಸಲಿ ಕಾನ್ಸಲ್‌ಗಳು. ಅವರ ಡ್ರೈವರುಗಳೆಲ್ಲ ‘ನಮ್ಮವರ ಫಂಕ್ಷನ್ ಉಂಟು’ ಎಂದು ಸಂಜೆ ರಜೆ ಕೇಳಿ, ಬರುವುದಾದರೆ ನಡುವೆ ಬಂದು ಕರೆದೊಯ್ಯುತ್ತೇವೆ ಎಂದಿದ್ದರಂತೆ. ಕಾರೇ ಇತ್ತ ಬರುವಾಗ ಮನೆಯಲ್ಲಿ ಕೂತು ಮಾಡುವುದೇನೆಂದು ದೊಡ್ಡವರೂ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರು. ಅವರ ರೂಢಿಯೆಂದರೆ ಕೈಕುಲುಕಿ, ಒಂದು ಜ್ಯೂಸು ಕುಡಿದು ಜಾಗ ಖಾಲಿ ಮಾಡುವುದು. ಇಲ್ಲಿ ಹೊರಡಲು ಎದ್ದವರಿಗೆ ಕಂಡದ್ದು ಬಿರಿಯಾನಿ ಎದುರಿಟ್ಟುಕೊಂಡು ಕೂತ ತಮ್ಮದೇ ಡ್ರೈವರು. ಉಣ್ಣುತ್ತಿರುವವನನ್ನು ಎಬ್ಬಿಸುವುದು ಹೇಗೆ? ಮುನಾಫ್ ಭಾಯಿ ತಮ್ಮ ಸಾಹೇಬರತ್ತ ಕೈಯೆತ್ತಿ “ಫೈವ್ ಮಿನಿಟ್ಸ್ ಸರ್” ಎಂದು ಮತ್ತೆ ಬಡಿಸಿಕೊಂಡರು. ಹೀಗೆ ಹಲವು ದೇಶಗಳು ನಮ್ಮ ದೇಶದ ಜೊತೆ ದೀರ್ಘ ಮಾತುಕತೆ ನಡೆಸಬೇಕಾಯಿತು. ನಮ್ಮ ಸಾಹೇಬರು ಕುರ್ಚಿಯಿಂದ ಕುರ್ಚಿಗೆ ಹೋಗಿ ಎಲ್ಲರ ಕೈ ಹಿಡಿದು ‘ಊಟ ಆಯಿತೇ?’ ಎಂದು ಕೇಳುತ್ತಿದ್ದರು. ಯಾರು ರಾಯಭಾರಿ, ಯಾರು ಡ್ರೈವರ್ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೈ ಹಿಡಿಯುವುದರಲ್ಲಿ ಹೆಚ್ಚುಕಡಿಮೆ ಮಾಡಲಿಲ್ಲ. ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಂತ್ರಿಗಳು ಬಹಳ ಸಂತೋಷಪಟ್ಟರು. ಅದೇ ಮುಳುವಾಯಿತು. ಕಾನ್ಸುಲೇಟು ಉಳಿಯಿತು, ನನ್ನ ವೀಸಾ ಉಳಿಯಿತು. ಆದರೆ ಇಲ್ಲಿಯ ಸಂಬಂಧ ಇಷ್ಟು ಗಟ್ಟಿಯಾಗಿರುವಾಗ ಇಂಥ ಸಮರ್ಥರು ಇಲ್ಲೇಕೆ ಎಂದು, ಯಾರೂ ನಮ್ಮನ್ನು ಮಾತಾಡಿಸದ ಯಾವುದೋ ಚಳಿದೇಶಕ್ಕೆ ಸಾಹೇಬರನ್ನು ವರ್ಗ ಮಾಡಿದರು.

ಹೊರಡುವ ಮುನ್ನ ಅವರು ಅಲ್ ಮುರಕ್ಕಬಾತ್‌ನ ನನ್ನ ಒಂಟಿ ಕೋಣೆಯ ಮನೆಗೆ ಬಂದರು. ಲಿಫ್ಟು ಕೆಟ್ಟಿತ್ತು, ಮೆಟ್ಟಿಲು ಹತ್ತಿ ಬಂದಿದ್ದರು. “ನಿಮ್ಮಲ್ಲಿ ಮನೆಗೇ ಬಂದು ಹೇಳಬೇಕಲ್ಲವೇ?” ಎಂದರು. ಇದ್ದ ಒಂದು ಕುರ್ಚಿ ಅವರಿಗೆ, ಮಂಚ ನನಗೆ. ಇದ್ದ ಒಂದು ಲೋಟ ಅವರಿಗೆ, ನಾನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಚಹಾ ಕುಡಿದೆ. ನಮ್ಮ ಕಡೆ ‘ಹೋಗುತ್ತೇನೆ’ ಎನ್ನಬಾರದೆಂದು ಎಂದೋ ಹೇಳಿಕೊಟ್ಟಿದ್ದೆ. ಬಾಗಿಲಲ್ಲಿ ನಿಂತು, ಕನ್ನಡದಲ್ಲೇ, ತಡವರಿಸುತ್ತಾ “ಹೋಗಿ ಬರುತ್ತೇನೆ” ಎಂದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಇಳಿದು ಹೋದ ಮೇಲೆ ನನಗೆ ಅಳು ಬಂತು. ಹೊಸ ಕಾನ್ಸಲ್ ಚುರುಕಿನವರು. ಪಕ್ಕದ ಕೋಣೆಯಲ್ಲೇ ಕೂತು ನನಗೆ ಇಮೇಲ್ ಕಳಿಸುತ್ತಾರೆ.

ಆಮೇಲೆ ಇನ್ನೊಂದು ಲೋಟ ಕೊಂಡು ತಂದೆ. ಎದುರಿನ ಫ್ಲ್ಯಾಟಿಗೆ ಹೊಸಬನೊಬ್ಬ ಬಂದಿದ್ದಾನೆ. ಬಾಗಿಲ ಸಂದಿಯಿಂದ ಬರುವ ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆ ನೋಡಿದರೆ ನಮ್ಮ ಕಡೆಯವನೇ. ಅವನೂ ಒಬ್ಬನೇ ಇರಬೇಕು, ಹಾಲಿನ ಅತಿ ಸಣ್ಣ ಬಾಟಲಿ ತರುತ್ತಾನೆ. “ಹೋಗಿ ಮಾತಾಡ್ಸಿ” ಎಂದು ಸುಮತಿ ದಿನವೂ ಹೇಳುತ್ತಾಳೆ. ನಾನು ಇಷ್ಟು ವರ್ಷ ವಿದೇಶಾಂಗದಲ್ಲಿ ಕೆಲಸ ಮಾಡಿದವನು. ಹೊಸದಾಗಿ ಬಂದವರು ಮೊದಲಿನಿಂದ ಇರುವವರ ಮನೆಗೆ ಬಂದು ಕಾಣಬೇಕು, ಅದು ಎಲ್ಲ ದೇಶಗಳೂ ಒಪ್ಪಿದ ಶಿಷ್ಟಾಚಾರ ಎಂದು ಅವಳಿಗೆ ತಿಳಿಸಿ ಹೇಳಿದೆ. “ನೀವು ದೊಡ್ಡಪ್ಪಯ್ಯನೇ” ಎಂದು ಫೋನಿಟ್ಟಳು. ಹಾಗೆಂದು ನಾನು ಸುಮ್ಮನೆ ಕೂತಿಲ್ಲ. ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲನ್ನು ಅರ್ಧ ತೆರೆದು, ಕುರ್ಚಿಯನ್ನು ಹೊಸ್ತಿಲವರೆಗೆ ಎಳೆದುಕೊಂಡು ಕೂರುತ್ತೇನೆ. ಅವನನ್ನು ಮಾತಾಡಿಸುವುದಕ್ಕಲ್ಲ. ಅವನು ಇನ್ನೂ ಬಂದಿಲ್ಲ ಎಂಬುದು ಅವನಿಗೆ ಗೊತ್ತಾಗಲಿ ಎಂದು.