ಅರ್ಧ ಬೆಲೆಯ ಅಂಗಿ, ಸಡಿಲ ಗುಂಡಿ

ನಾನು ಕಾಲಿಟ್ಟ ಕಡೆ ಏನಾದರೊಂದು ನಡೆದೇ ತೀರುತ್ತದೆ. ಅದು ನನ್ನ ತಪ್ಪಲ್ಲ, ಕಾಲ್ಗುಣ. ಲಕ್ಷ್ಮೀಪುರಂನಲ್ಲಿ ನಲವತ್ತು ವರ್ಷ ದರ್ಜಿಯಾಗಿದ್ದೆ. ನಾನು ಹಾಕಿದ ಗುಂಡಿ ಕಿತ್ತು ಬಂದದ್ದೇ ಇಲ್ಲ. ಬೇಕಾದರೆ ಅಂಗಿ ಹರಿದೀತು. ಕತ್ತರಿ ಕೆಳಗಿಟ್ಟು ಹಾಯಾಗಿ ಕೂತ ವರ್ಷವೇ ರಿಂಗ್ ರೋಡಿನ ಪಕ್ಕ ಔಟ್‌ಲೆಟ್ ಮಾಲ್ ಎದ್ದಿತು. ದೊಡ್ಡ ಕಂಪನಿಗಳ ಹೋದ ವರ್ಷದ ಸರಕು, ಅರ್ಧ ಬೆಲೆಗೆ. ನನ್ನ ತಂಗಿಯ ಮಗಳು ಅಲ್ಲೊಂದು ಅಂಗಿಯ ಅಂಗಡಿ ಹಿಡಿದಳು. ಯುಗಾದಿಯೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ವಾಪಸ್ ಎಂದು ಕಂಪನಿಯ ಷರತ್ತು.

"ಮೈಸೂರಲ್ಲಿ ಇವೆಲ್ಲ ನಡೆಯಲ್ಲ ಕಣ್ರೀ," ಎಂದರು ಬೀದಿಯವರು.

"ನಾನಿದ್ದೀನಲ್ಲ," ಎಂದೆ.

ಜನವೋ ಜನ

ಮೊದಲ ವಾರ ಮಾಲ್ ತುಂಬ ಜನ. ನನ್ನ ಕಾಲ್ಗುಣ ಎಂದು ಬೀಗಿದೆ. ಸರಸ್ವತಿಪುರಂನಿಂದ ಬಸ್ಸು ಹಿಡಿದು ಬಂದಿದ್ದ ದಂಪತಿ ನಮ್ಮ ಅಂಗಡಿಯ ಮುಂದೆ ಆರನೇ ಸಲ ಹಾದುಹೋದರು.

"ಏನ್ ತಗೊಂಡ್ರಮ್ಮ?" ಎಂದು ಕೇಳಿದೆ.

"ಏನೂ ಇಲ್ಲ. ಶುಗರ್ ಇದೆ, ಡಾಕ್ಟ್ರು ನಡೀರಿ ಅಂದವ್ರೆ. ಹೊರಗೆ ಬಿಸಿಲು, ಇಲ್ಲಿ ಎ.ಸಿ. ಇನ್ನು ನಾಲ್ಕು ಸುತ್ತು ಬಾಕಿ, ದಾರಿ ಬಿಡಿ."

ಮೇಷ್ಟ್ರ ತಪಾಸಣೆ

ಚಾಮರಾಜಪುರಂನ ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ನಿಜಕ್ಕೂ ಒಳಗೆ ಬಂದರು. ನೀಲಿ ಅಂಗಿಯೊಂದನ್ನು ಎತ್ತಿಕೊಂಡು, "ಅರ್ಧ ಬೆಲೆ ಯಾಕಮ್ಮ?" ಎಂದರು.

"ಹೋದ ವರ್ಷದ್ದು ಸರ್, ಅಷ್ಟೇ."

"ಅಂಗಿಗೂ ವಯಸ್ಸಾಗುತ್ತಾ?"

ಕಾಲರ್ ಮಡಿಸಿ ನೋಡಿದರು. ಹೊಲಿಗೆ ಎಳೆದು ನೋಡಿದರು. ದೀಪಕ್ಕೆ ಹಿಡಿದರು, ಮೂಸಿದರು. ಒಂದು ಗಂಟೆ ಹುಡುಕಿದರೂ ದೋಷ ಸಿಗಲಿಲ್ಲ. ಬೆವರು ಒರೆಸಿಕೊಂಡು ಅಂಗಿ ಕೆಳಗಿಟ್ಟರು. "ಗೊತ್ತಿರೋ ದೋಷ ಆದ್ರೆ ತಗೋಬಹುದಿತ್ತು. ಗೊತ್ತಾಗದೆ ಇರೋದು ಅಪಾಯ ಕಣಮ್ಮ."

ಅವರು ಹೋದ ಮೇಲೆ ಹುಡುಗಿ ಆ ಅಂಗಿಯನ್ನು ಮಡಿಸಿಟ್ಟಳು. ಆ ದಿನ ಅವಳು ಮಡಿಸಿದ ಅಂಗಿಗಳು ಬಹಳ, ಮಾರಿದ್ದು ಒಂದೂ ಇಲ್ಲ. ಎದುರಿನ ಚಪ್ಪಲಿ ಅಂಗಡಿಯವನು ಆಗಲೇ ಬಾಗಿಲು ಎಳೆದುಕೊಂಡು ಹೋಗಿದ್ದ.

ಎರಡನೇ ಗುಂಡಿ

ಮರುದಿನ ಅವಳು ಊಟಕ್ಕೆ ಹೋದಾಗ ಹತ್ತು ಅಂಗಿಗಳ ಎರಡನೇ ಗುಂಡಿ ಸಡಿಲ ಮಾಡಿದೆ. ನಲವತ್ತು ವರ್ಷ ಗುಂಡಿ ಬಿಗಿ ಮಾಡಿದ ಕೈಯಿಂದಲೇ.

ಅರ್ಧ ಗಂಟೆಯಲ್ಲಿ ಒಬ್ಬಾಕೆಯ ಮುಖ ಅರಳಿತು. "ರೀ, ಇಲ್ನೋಡಿ, ಗುಂಡಿ ಅಲ್ಲಾಡ್ತದೆ!"

"ಅದಕ್ಕೇ ಕಮ್ಮಿಗೆ ಕೊಡ್ತಾವ್ರೆ. ಇಷ್ಟೇ ತಾನೆ? ಎರಡು ತಗೊ."

ಮೂರು ದಿನ ನಾನು ಗುಂಡಿ ಸಡಿಲ ಮಾಡುತ್ತ ಹೋದಂತೆ ಅಂಗಿಗಳು ಬಿಸಿ ಬಿಸಿ ವಡೆಯಂತೆ ಹೋದವು. ನಾಲ್ಕನೆಯ ದಿನ ಒಂದೂ ಹೋಗಲಿಲ್ಲ. ಮುಟ್ಟಿ ನೋಡಿದರೆ ನಾನು ಸಡಿಲ ಮಾಡಿಟ್ಟಿದ್ದ ಗುಂಡಿಗಳೆಲ್ಲ ಕಲ್ಲಿನಂತೆ ಕೂತಿವೆ!

"ಕಂಪನಿಯೋರು ಎಂಥಾ ಸರಕು ಕಳಿಸವ್ರೆ ನೋಡಿ ಮಾವ," ಎಂದಳು ಅವಳು. "ಎಲ್ಲಾ ನಾನೇ ಕೂತು ಬಿಗಿ ಮಾಡ್ಬುಟ್ಟೆ."

"ಇಷ್ಟು ಗಟ್ಟಿಯಾಗಿ ಹಾಕೋದು ಯಾರಮ್ಮ ಕಲಿಸಿದ್ದು?"

"ಇನ್ಯಾರು? ನೀವೇ."

ದೋಷ ಸಿಕ್ಕಿತು

ತಪ್ಪೊಪ್ಪಿಕೊಂಡೆ. ಎರಡು ದಿನ ಅವಳು ನನ್ನನ್ನು ಅಂಗಡಿಯೊಳಗೆ ಬಿಡಲಿಲ್ಲ. ಮೂರನೆಯ ದಿನ ನನ್ನ ಹಳೆಯ ಹೊಲಿಗೆ ಮಿಷನ್ನನ್ನು ಆಟೋದಲ್ಲಿ ಹೇರಿಕೊಂಡು ಬಂದು ಅಂಗಡಿಯ ಬಾಗಿಲಲ್ಲೇ ಇಟ್ಟಳು. "ಕಳ್ಳತನ ಬೇಡ ಮಾವ. ತೋಳು ಉದ್ದ ಆದ್ರೆ, ಸೊಂಟ ಬಿಗಿ ಆದ್ರೆ, ಕೂತಲ್ಲೇ ಸರಿ ಮಾಡಿಕೊಡಿ." ಆ ಗಾಜಿನ ಅರಮನೆಯಲ್ಲಿ ನನ್ನ ಮಿಷನ್ನು ಕಟಕಟ ಅನ್ನತೊಡಗಿತು. ಶುಗರ್‌ನವರೂ ಸುತ್ತು ನಿಲ್ಲಿಸಿ, ಅಂಗಿ ಕೊಂಡು, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು.

ಯುಗಾದಿಗೆ ಎರಡು ದಿನ ಇರುವಾಗ ಕಂಪನಿಯ ಸಾಹೇಬರು ಅಂಗಡಿ ಬಿಡಿಸುವ ಕಾಗದ ಹಿಡಿದೇ ಬಂದರು. ಬೆಂಚಿನ ತುಂಬ ಗಿರಾಕಿಗಳನ್ನು ಕಂಡು, ಕಾಗದವನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದರು. ಅದೇ ಹೊತ್ತಿಗೆ ಹೆಡ್‌ಮೇಷ್ಟ್ರು ಮತ್ತೆ ಬಂದು ಅದೇ ನೀಲಿ ಅಂಗಿ ತೆಗೆದರು. ತೋಳು ಎರಡು ಬೆರಳು ಉದ್ದ. ನಾನು ಹೊಲಿಯುತ್ತ, ಹಿಂದೊಮ್ಮೆ ದಸರಾ ಆನೆಗೆ ಜುಬ್ಬ ಹೊಲಿಯಲು ಏಣಿ ಹತ್ತಿ ಅಳತೆ ತೆಗೆದದ್ದು, ಎರಡು ಜೇಬು ಸಾಲದೆಂದು ಅದು ಮುನಿಸಿಕೊಂಡದ್ದು, ಎಲ್ಲವನ್ನೂ ವಿವರವಾಗಿ ಹೇಳಿದೆ. ತೋಳಿಗೆ ಐದು ನಿಮಿಷ ಹಿಡಿಯಿತು; ಆನೆಯ ಕಥೆಗೆ ಮುಕ್ಕಾಲು ಗಂಟೆ.

ಮೇಷ್ಟ್ರು ಅಂಗಿ ಕೈಗೆತ್ತಿಕೊಂಡು ನನ್ನನ್ನೇ ದಿಟ್ಟಿಸಿದರು. ಆಮೇಲೆ ನೆಮ್ಮದಿಯ ಉಸಿರು ಬಿಟ್ಟು ನನ್ನ ತಂಗಿಯ ಮಗಳ ಕಡೆ ತಿರುಗಿದರು.

"ಅರ್ಧ ಬೆಲೆ ಯಾಕೆ ಅಂತ ಈಗ ಗೊತ್ತಾಯ್ತು ಕಣಮ್ಮ. ಇನ್ನೆರಡು ಕೊಡು."