ಕೆಂಪು ಚೀಟಿ ಬಿದ್ದ ಬ್ರೇಕು

ಬೈಕಿನ ಮುಂದಿನ ಚಕ್ರ ಹಿಡಿದುಕೊಂಡು ತಿರುಗಲೊಲ್ಲದು ಎಂದು ಕುಬೋಕಿಗೆ ತಿಳಿದದ್ದು, ಅದನ್ನು ಸರ್ಕಾರಿ ತಪಾಸಣೆಗೆ ಒಯ್ಯಬೇಕಾದ ದಿನ ಬೆಳಿಗ್ಗೆಯೇ. ಗ್ರಹಚಾರ ಅಂದರೆ ಇದು. ಎರಡು ವರ್ಷಕ್ಕೊಮ್ಮೆ ಬರುವ ತಪಾಸಣೆಯ ಗಡುವು ಅವತ್ತಿಗೇ ಮುಗಿಯುತ್ತಿತ್ತು.

"ಸಂಜೆಯೊಳಗೆ ಪಾಸಾದ್ರೆ ಸರಿ. ಇಲ್ದಿದ್ರೆ ಗುಜರಿಯವ್ನಿಗೆ ಫೋನ್ ಮಾಡ್ತೀನಿ," ಎಂದು ಹೆಂಡತಿ ಸುಮಿಯೆ ಮಿಸೊ ಸಾರು ಬಡಿಸುತ್ತಲೇ ಹೇಳಿಬಿಟ್ಟಿದ್ದಳು. ಅವಳು ಹೇಳಿದಂತೆ ಮಾಡುವವಳು. ಮೂವತ್ತೈದು ವರ್ಷದ ಆ ಬೈಕು ಹೋದರೆ ಕುಬೋಕಿಗೆ ಭಾನುವಾರಗಳೇ ಇಲ್ಲ.

ಸಕಾತಾ ಬಂದರಿನ ಉಪ್ಪುಗಾಳಿ ಯಾರನ್ನೂ ಬಿಟ್ಟಿದ್ದಲ್ಲ. ಚಕ್ರದ ತಟ್ಟೆಯನ್ನು ಒತ್ತಿ ಹಿಡಿಯುವ ಕ್ಯಾಲಿಪರಿನೊಳಗೆ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ಯಾಲಿಪರನ್ನು ಬಿಚ್ಚಿ, ಗೇಟಿನ ಬಳಿ ಹಳೇ ಪೇಪರಿನ ಮೇಲಿಟ್ಟು, ಕೈ ತೊಳೆಯಲು ಒಳಗೆ ಹೋದ. ಬಂದು ನೋಡಿದರೆ ಪೇಪರಿದೆ, ಕ್ಯಾಲಿಪರಿಲ್ಲ.

"ಹುಡುಕ್ಬೇಡಿ ಕುಬೋಕಿಯವ್ರೇ," ಪಕ್ಕದ ಮನೆಯ ನೊನೊಮುರಾ ಅಮ್ಮ ಬೇಲಿಯಾಚೆಯಿಂದ ನಕ್ಕರು. "ಇವತ್ತು ತಿಂಗಳಿಗೊಂದ್ಸಲ ಬರೋ ಲೋಹದ ಕಸದ ದಿನ ಅಲ್ವಾ? ನೀವು ಮರ್ತಿದ್ರಿ ಅಂತ ನಾನೇ ಹಾಕಿ ಬಂದೆ. ಚೀಲದ ಮೇಲೆ ನಿಮ್ಮ ಹೆಸ್ರೂ ಬರ್ದಿದೀನಿ."

ಕುಬೋಕಿ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಬೀದಿ ತುದಿಯಲ್ಲಿ ಕಸ ಇಡುವ ಜಾಗದ ಮುಂದೆ ನಿಯಮಗಳ ಬೋರ್ಡಿನ ಪಕ್ಕ ಓಣಿಯ ಸಂಘದ ಮುಖಂಡ ಇಸೊಗಾಯಿ ಪೊರಕೆ ಹಿಡಿದು ನಿಂತಿದ್ದರು.

"ಕೈ ಹಾಕ್ಬೇಡಪ್ಪ."

"ಅದು ನನ್ನ ಬ್ರೇಕು ಇಸೊಗಾಯಿಯವ್ರೇ. ಹೆಸ್ರು ನೋಡಿ, ನಂದೇ."

"ಹೆಸ್ರು ನಿಂದು, ಕಸ ಊರಿಂದು. ಹಾಕಿದ್ದನ್ನ ವಾಪಸ್ ತೆಗೆಯೋ ಹಾಗಿಲ್ಲ. ಆ ಬೋರ್ಡು ಬರ್ದೋನು ನೀನೇ ತಾನೇ."

ಅಷ್ಟರಲ್ಲಿ ಲಾರಿ ಬಂತು. ಲಾರಿಯವನು ಚೀಲ ಎತ್ತಿ, ಮೂಸಿ, ಮುಖ ಸಿಂಡರಿಸಿದ. "ಎಣ್ಣೆ ಸೋರ್ತಿದೆ. ಎಣ್ಣೆ ಇರೋದು ನಾವು ತಗೊಳ್ಳಲ್ಲ," ಎಂದು ಕೆಂಪು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋದ.

ಕೆಂಪು ಚೀಟಿ ಅಂದರೆ ಆ ಓಣಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಅದನ್ನು ಎದೆಗವಚಿಕೊಂಡು ಆನಂದದ ಕಣ್ಣೀರು ಹಾಕಿದವನು ಕುಬೋಕಿ ಒಬ್ಬನೇ.

"ಚೀಟಿ ಬಿದ್ದ ಕಸ ತಕ್ಷಣ ಮನೆಗೆ ಒಯ್ಯಬೇಕು. ಅದೂ ನಿಯಮ," ಇಸೊಗಾಯಿ ಗದರಿದರು.

"ಒಯ್ತೀನಿ, ಓಡ್ಕೊಂಡೇ ಒಯ್ತೀನಿ."

ಮನೆಯಂಗಳದಲ್ಲಿ ಕ್ಯಾಲಿಪರಿನೊಳಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದಾಗ, ಕಚ್ಚಿಕೊಂಡಿದ್ದ ಪಿಸ್ಟನ್ ಢಬ್ಬೆಂದು ಹಾರಿ, ನೊನೊಮುರಾ ಅಮ್ಮ ಒಣಹಾಕಿದ್ದ ಬಿಳಿ ಹಾಸಿಗೆಗೆ ಬಡಿಯಿತು. ಬಾಗಿ ಬಾಗಿ ಕ್ಷಮೆ ಕೇಳುವುದರಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಸೀಲು ಕೂರುವ ಕಚ್ಚಿನಲ್ಲಿ ಸುಣ್ಣದಂತೆ ಗಟ್ಟಿಯಾಗಿದ್ದ ಕಿಲುಬನ್ನು ಬಗ್ಗಿಸಿದ ತಂತಿಯಿಂದ ಕೆರೆದ. ಪಿಸ್ಟನ್ನಿನ ತುಕ್ಕು ಉಜ್ಜಿದ. ಎಂದೋ ತಂದಿಟ್ಟಿದ್ದ ಹೊಸ ರಬ್ಬರ್ ಸೀಲು ಕೂರಿಸಿ, ಎಲ್ಲ ಜೋಡಿಸಿ, ಬ್ರೇಕಿನ ಎಣ್ಣೆ ತುಂಬಿ, ಒಳಗಿನ ಗಾಳಿಗುಳ್ಳೆ ಪೂರಾ ಹೋಗುವವರೆಗೂ ಲಿವರ್ ಒತ್ತಿದ.

ಮೂರು ಗಂಟೆಗೆ ತಪಾಸಣಾ ಕೇಂದ್ರದಲ್ಲಿ, ಬ್ರೇಕು ಪರೀಕ್ಷಿಸುವ ಉರುಳೆಗಳ ಮೇಲೆ ಚಕ್ರ ಗಪ್ಪನೆ ನಿಂತಿತು. "ಹೊಸ ಗಾಡಿಗೂ ಇಂಥ ಬ್ರೇಕ್ ಇರಲ್ಲ," ಎಂದ ಅಧಿಕಾರಿ.

ಮನೆ ಮುಂದೆ ಸುಮಿಯೆ ಕಾದು ನಿಂತಿದ್ದಳು.

"ಪಾಸಾಯ್ತು ಕಣೇ."

"ಬ್ರೇಕ್ ಚೆನ್ನಾಗಿ ಹಿಡಿಯುತ್ತಾ?"

"ಉಡದ ಪಟ್ಟು."

"ಹಾಗಾದ್ರೆ ಇಳೀರಿ," ಎಂದು ಅವಳು ಏಪ್ರನ್ನಿನ ಜೇಬಿನಿಂದ ಒಂದು ಕಾರ್ಡು ತೆಗೆದಳು. ದೊಡ್ಡ ಬೈಕಿನ ಲೈಸೆನ್ಸು. ಮೇಲೆ ಅವಳದೇ ಫೋಟೊ. ಕುಬೋಕಿ ಬೈಕಿನಿಂದಿಳಿದು ಅದನ್ನು ಎರಡೆರಡು ಸಲ ಓದಿದ.

"ಹಿಂದೆ ಜನ ಕೂರಿಸ್ಕೊಳ್ಳೋಕೆ ಲೈಸೆನ್ಸ್ ತಗೊಂಡು ವರ್ಷ ತುಂಬಬೇಕಲ್ಲ, ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಮೊನ್ನೆಗೆ ತುಂಬ್ತು."

"ಮತ್ತೆ ಗುಜರಿ ಅಂದಿದ್ದು?"

"ಹಾಗನ್ನದೇ ಇದ್ದಿದ್ರೆ ನೀವು ಆ ಬ್ರೇಕ್ ಮುಟ್ತಿದ್ರಾ?"

ನೊನೊಮುರಾ ಅಮ್ಮ ಹೆಲ್ಮೆಟ್ ಹಾಕಿಕೊಂಡೇ ಹೊರಬಂದು ಹಿಂದಿನ ಸೀಟು ಹತ್ತಿದರು. ಸುಮಿಯೆ ಬೈಕು ಓಡಿಸಿಕೊಂಡು ಬಂದರಿನವರೆಗೆ ಹೋಗಿ ಒಂದು ಸುತ್ತು ಹಾಕಿ ಬಂದಳು. ಕುಬೋಕಿ ಇನ್ನೂ ಗೇಟಿನ ಬಳಿಯೇ ನಿಂತಿದ್ದ.

"ರೀ, ಹಿಂದಿನ ಬ್ರೇಕ್ ಕಚ್ತಾ ಇದೆ," ಎಂದಳು ಸುಮಿಯೆ. "ಶನಿವಾರದೊಳಗೆ ಅದನ್ನೂ ಬಿಚ್ಚಿ ತೊಳ್ದಿಡಿ. ಭಾನುವಾರ ನಾನೂ ನೊನೊಮುರಾ ಅಮ್ಮನೂ ಬಿಸಿನೀರ ಬುಗ್ಗೆಗೆ ಹೋಗ್ತಿದೀವಿ."