ಸಿಂಗಪುರದಲ್ಲಿ ತಾತನ ಎಡೆ

ದೆವ್ವಕ್ಕೆ ಹೆದರದವರು ಬೇಕಾದಷ್ಟು ಜನ ಸಿಗುತ್ತಾರೆ. ದಂಡಕ್ಕೆ ಹೆದರದವರು ಕಡಿಮೆ. ನಾನಂತೂ ಈ ಎರಡನೆಯ ವಿಷಯದಲ್ಲಿ ಶುದ್ಧ ಪುಕ್ಕಲ. ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಬಸ್ಸಿಳಿದ ಮೇಲೂ ಟಿಕೆಟ್ ಬಿಸಾಡದೆ, ಮನೆಯ ಹೊಸ್ತಿಲು ದಾಟುವವರೆಗೆ ಜೇಬಿನಲ್ಲಿ ಕಾಪಾಡಿಕೊಂಡು ಬರುವ ಜಾತಿ ನನ್ನದು. ದೆವ್ವ, ಪಿತೃಗಳ ಮಾತು ಬಂದಾಗ ಮಾತ್ರ ನನ್ನ ಧೈರ್ಯವೇ ಬೇರೆ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು, ಕಣ್ಣಿಗೆ ಕಾಣದ್ದನ್ನು ನಂಬಬೇಡಿ ಎಂದು ಹುಡುಗರ ತಲೆ ತಿಂದವನು. ಇಂಥವನನ್ನು ನಮ್ಮವ್ವ, ಬೀದಿಯಲ್ಲಿ ಉಗುಳಿದರೂ ದಂಡ ಹಾಕುವ ಸಿಂಗಪುರಕ್ಕೆ ಎಳೆದುಕೊಂಡು ಹೋದಳು. ಅದೂ ಊರು ನೋಡುವುದಕ್ಕಲ್ಲ, ಸತ್ತವರಿಗೆ ಊಟ ಬಡಿಸುವುದಕ್ಕೆ.

ಅವ್ವನ ಅಪ್ಪ, ಹಳೇಕೋಟೆಯ ತಿಮ್ಮೇಗೌಡ, ಎರಡನೆಯ ಮಹಾಯುದ್ಧದ ಕಾಲಕ್ಕೆ ಸಿಪಾಯಿಯಾಗಿ ಸಿಂಗಪುರಕ್ಕೆ ಹೋದವನು ತಿರುಗಿ ಬರಲಿಲ್ಲ. ಆಗ ಅವ್ವ ತೊಟ್ಟಿಲ ಕೂಸು. ಹೆಣವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅಜ್ಜಿ ಕೊನೆಯವರೆಗೂ ಕೈಬಳೆ ತೆಗೆಯಲಿಲ್ಲ. ಅವ್ವ ಒಬ್ಬಳೇ ಮಗಳು, ನಮ್ಮಪ್ಪ ಮನೆಯಳಿಯ. ಹಾಗಾಗಿ ಜಮೀನಿನ ಜೊತೆಗೆ ಆ ಮನೆಯ ಹಿರಿಯರೂ ನಮ್ಮ ಪಾಲಿಗೇ ಬಂದರು. ಪಿತೃಪಕ್ಷದಲ್ಲಿ ಅವರಿಗೆಲ್ಲ ಎಡೆ ಇಡುತ್ತೇವೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಯೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವುದು. ಅವರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ತಾತನ ಕುಡುಕ ಅಣ್ಣನಿಗೂ ಪ್ರತಿವರ್ಷ ಎಡೆ ಸಿಗುತ್ತಿತ್ತು, ಪಕ್ಕದಲ್ಲಿ ಒಂದು ಲೋಟದ ಸಮೇತ. ತಾತನಿಗೆ ಮಾತ್ರ ಇಲ್ಲ. "ಬದ್ಕಿರೋರ್ಗೆ ಯಾರಾದ್ರೂ ಎಡೆ ಇಕ್ತಾರಾ?" ಎಂದು ಅಜ್ಜಿ ಗದರಿಬಿಡುತ್ತಿದ್ದಳು. ಅಜ್ಜಿ ಹೋದ ಮೇಲೂ ಆ ಮಾತು ಮೀರಲು ಅವ್ವನಿಗೆ ಧೈರ್ಯ ಬರಲಿಲ್ಲ.

ಹೋದ ವರ್ಷ ಅರಕಲಗೂಡಿನ ನಮ್ಮ ಭಾವ ಸಿಂಗಪುರಕ್ಕೆ ಪ್ರವಾಸ ಹೋಗಿದ್ದರು. ಅಲ್ಲಿನ ಯುದ್ಧಸ್ಮಾರಕದ ಗೋಡೆಯ ಮೇಲೆ, ಸತ್ತ ಸಿಪಾಯಿಗಳ ನಡುವೆ, ತಾತನ ಹೆಸರು ಕೆತ್ತಿರುವುದನ್ನು ಕಂಡು ಫೋಟೋ ತೆಗೆದುಕೊಂಡು ಬಂದರು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ.

"ಅಲ್ಲವ್ನೆ ನಮ್ಮಪ್ಪ. ಇಲ್ಲಿ ಎಡೆ ಇಕ್ಕುದ್ರೆ ಅವ್ನಿಗೆಂಗ್ಲಾ ಗೊತ್ತಾದಾತು? ಅಲ್ಲೀಗೇ ಓಗಿ ಇಕ್ಬೇಕು" ಎಂದಳು.

ನಾನು ಬಾಯಿ ತೆರೆದೆ. ವಿಜ್ಞಾನದಿಂದ ಹಿಡಿದು ವಿಮಾನದ ಟಿಕೆಟಿನವರೆಗೆ ಹೇಳಬೇಕಾದ್ದು ಬಹಳವಿತ್ತು. "ನಾನು ಸಾಯೋದ್ರೊಳ್ಗೆ" ಎಂದು ಸೇರಿಸಿದಳು. ತೆರೆದ ಬಾಯನ್ನು ಮುಚ್ಚಿಕೊಂಡೆ.

ನಮ್ಮ ಸಾಮಾನು ನೋಡಿದ್ದರೆ ಯಾರೋ ಸಿಂಗಪುರದಲ್ಲಿ ಮೆಸ್ ತೆರೆಯಲು ಹೊರಟಿದ್ದಾರೆ ಎನ್ನಬೇಕು. ರಾಗಿಹಿಟ್ಟು, ಸಾರಿನ ಪುಡಿ, ಹುಚ್ಚೆಳ್ಳಿನ ಚಟ್ನಿಪುಡಿ, ಹೊಸ ಪಂಚೆ, ಮುದ್ದೆ ತೊಳಸುವ ಕೋಲು. ತಾತನಿಗೆಂದು ಒಂದು ಕಟ್ಟು ಬೀಡಿಯೂ ಇತ್ತು. ದಂಡದ ಭಯಕ್ಕೆ ಅದನ್ನು ನಾನು ಮನೆಯಲ್ಲಿ ತೆಗೆದಿಟ್ಟೆ. ಅವ್ವ ಮತ್ತೆ ಒಳಗಿಟ್ಟಳು. ಹಾಸನದ ಸ್ಟ್ಯಾಂಡಿನಲ್ಲಿ ಅವಳು ಕಾಫಿ ಕುಡಿಯುವಾಗ ಪಕ್ಕದಲ್ಲಿದ್ದ ಯಜಮಾನರೊಬ್ಬರಿಗೆ ದಾನ ಮಾಡಿಬಿಟ್ಟೆ. ಅವರು ಸಿಪಾಯಿಯಾಗಿದ್ದರೋ ಇಲ್ಲವೋ ವಿಚಾರಿಸಲಿಲ್ಲ.

ಸಿಂಗಪುರದಲ್ಲಿ ಅಡುಗೆ ಮಾಡಿಕೊಳ್ಳಬಹುದಾದ ರೂಮು ಹಿಡಿದಿದ್ದೆ. ಕೋಳಿ ಸಾರನ್ನು ಅವ್ವ ಕುರ್ಚಿಯಲ್ಲಿ ಕೂತೇ ಕುದಿಸಿದಳು. ಮುದ್ದೆಗೆ ಬರುವ ಹೊತ್ತಿಗೆ ರಟ್ಟೆ ಸೋತು ಕೋಲನ್ನು ನನ್ನ ಕೈಗೆ ಕೊಟ್ಟಳು. ಬುದ್ಧಿ ಬಂದಾಗಿನಿಂದ ಮುದ್ದೆ ನುಂಗಿದ್ದೇನೆ, ತೊಳಸಿದ್ದು ಅದೇ ಮೊದಲು. ಪಾತ್ರೆ ಒಂದು ಕಡೆ ತಿರುಗಿದರೆ ನಾನು ಇನ್ನೊಂದು ಕಡೆ ತಿರುಗುತ್ತಿದ್ದೆ. ಅಂತೂ ಉಂಡೆಯೆನ್ನಬಹುದಾದ ಎರಡು ಆಕಾರಗಳು ತಯಾರಾದವು.

ಸ್ಮಾರಕ ಒಂದು ಗುಡ್ಡದ ಮೇಲಿತ್ತು. ಒಪ್ಪವಾಗಿ ಕತ್ತರಿಸಿದ ಹುಲ್ಲು, ಸಾಲು ಬಿಳಿ ಕಲ್ಲುಗಳು, ಆಳೆತ್ತರ ಮೀರಿದ ಗೋಡೆಗಳ ತುಂಬ ಹೆಸರುಗಳು. ಹಕ್ಕಿಗಳಿಗೆ ತಿನ್ನಲು ಹಾಕಿದರೆ ಆ ಊರಿನಲ್ಲಿ ದಂಡ. ಸತ್ತವರಿಗೆ ಹಾಕಿದರೆ ಎಷ್ಟೆಂದು ಎಲ್ಲೂ ಬರೆದಿರಲಿಲ್ಲ. ತಾತನ ಹೆಸರಿನ ಕೆಳಗೆ ಅವ್ವ ಎಲೆ ಹಾಸಿ ಬಡಿಸತೊಡಗಿದಳು. ನಾನು ಹೆದರಿದ್ದಂತೆಯೇ ಕಾವಲಿನವನು ಬಂದ. ಕೈ ತಾನಾಗಿಯೇ ಪರ್ಸಿಗೆ ಹೋಯಿತು. ಇದು ಈಕೆಯ ತಂದೆಯ ಹೆಸರು, ಈಕೆ ಅವರ ಮುಖ ನೋಡಿದವಳಲ್ಲ, ಊಟ ತಂದಿದ್ದಾಳೆ ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಅವನು ಎಲೆಯನ್ನು ನೋಡಿದ, ಅವ್ವನನ್ನು ನೋಡಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಈಗ ಅವ್ವನಿಗೆ ಹೊಸ ಚಿಂತೆ. "ಬಾಗ್ಲೇ ಇಲ್ವಲ್ಲ. ಉಣ್ಣೋರ ಬಾಯಿ ನೋಡ್ಕೊಂಡು ನಿಂತ್ರೆ ಅವ್ನೆಂಗ್ ಉಂಡಾನು? ಎಲ್ರಿಗೂ ಆ ಕಡೀಕ್ ತಿರಿಕ್ಕೊಳಿ ಅನ್ನು."

ಎಲ್ಲರೂ ಎಂದರೆ ಕಾವಲಿನವನು ಮತ್ತು ಹೂ ಹಿಡಿದು ಬಂದಿದ್ದ ಬಿಳಿಯ ಗಂಡಹೆಂಡಿರು. ನಾಚಿಕೆಯಿಂದ ಮುದುಡುತ್ತಲೇ ಅದನ್ನೂ ಅನುವಾದಿಸಿದೆ. ಮೂವರೂ ಗೋಡೆಗೆ ಬೆನ್ನು ಮಾಡಿ ನಿಂತರು, ಅವರ ಜೊತೆ ನಾವೂ. ಹಳೇಕೋಟೆ ಬಿಟ್ಟರೆ ಬೇರೆ ಲೋಕ ಕಾಣದ ನಮ್ಮವ್ವ ಒಂದೇ ಮಾತಿನಲ್ಲಿ ಸಿಂಗಪುರಕ್ಕೆ ಬಾಗಿಲು ಹಾಕಿಸಿದ್ದಳು.

"ಈಗ ಎಸ್ರಿಡ್ದು ಕೂಗು. ಇಂಗ್ಲೀಸ್ನಲ್ ಬರ್ದವ್ರೆ, ಅವ್ನಿಗೆ ಓದಾಕ್ ಬತ್ತಿರ್ಲಿಲ್ಲ" ಎಂದಳು.

"ಹಳೇಕೋಟೆ ತಿಮ್ಮೇಗೌಡ" ಎಂದೆ.

"ಜೋರಾಗ್ ಕೂಗ್ಲಾ. ದೂರ ಇದ್ದಾನು."

ಪಾಠ ಹೇಳಿ ಪಳಗಿದ ಗಂಟಲು. ಗುಡ್ಡಕ್ಕೆಲ್ಲ ಕೇಳುವಂತೆ, "ಹಳೇಕೋಟೆ ತಿಮ್ಮೇಗೌಡ, ಬಾರೋ ತಾತ, ನಿನ್ನ ಮಗಳು ಬಂದವಳೆ" ಎಂದು ಕೂಗಿದೆ. ಕೊನೆಗೆ ಬರುವಾಗ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

ಬೆನ್ನ ಹಿಂದೆ ಎಲೆ ಸರಕ್ಕೆಂದಿತು. ಅಲ್ಲಿ ಗೊರವಂಕ ಹಕ್ಕಿಗಳು ಬಹಳ. ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುವುದು ವಿಜ್ಞಾನದ ಮೊದಲ ಪಾಠ. ನಾನೇ ವರ್ಷಾನುಗಟ್ಟಲೆ ಹೇಳಿಕೊಟ್ಟದ್ದು. ತಿರುಗಲಿಲ್ಲ.

ಅವ್ವ ಕೆಮ್ಮಿದ ಮೇಲೆ ಎಲ್ಲರೂ ತಿರುಗಿದೆವು. ಕೋಳಿಯ ತುಂಡೊಂದು ಇರಲಿಲ್ಲ, ಮುದ್ದೆಯ ಅಂಚು ಮುರಿದಿತ್ತು. ಅವ್ವನ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲಿಲ್ಲ. ನನ್ನ ಮದುವೆಯ ದಿನವೂ ಇಲ್ಲ. ಬಿಳಿಯ ಹೆಂಗಸು ಬಂದು ಅವಳ ಕೈ ಹಿಡಿದುಕೊಂಡಳು. ಕಾವಲಿನವನು ಟೋಪಿ ಹಾಕಿಕೊಂಡು, ದಂಡದ ಸುದ್ದಿಯೇ ಎತ್ತದೆ, ಹೊರಟುಹೋದ. ನನಗಂತೂ ಒಂದು ಯುದ್ಧವನ್ನೇ ಗೆದ್ದಷ್ಟು ಹೆಮ್ಮೆ.

ಪ್ರಸಾದವೆಂದು ಅವ್ವ ಮುದ್ದೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹೊಗಳಿಕೆಗೆ ಕಾದು ನಿಂತೆ. ಅವಳು ನಿಧಾನವಾಗಿ ಅಗಿದಳು. ಮುದ್ದೆ ಅಗಿಯುವ ಪದಾರ್ಥವಲ್ಲ.

"ಬರೀ ಗಂಟು. ಪಾಪ, ಎಂಬತ್ತೊರ್ಸ ಹಸ್ಕೊಂಡಿದ್ದಕ್ಕೆ ಉಂಡವ್ನೆ" ಎಂದಳು. "ಬರೋ ವರ್ಸ ಮನೇಗೇ ಬಾರಪ್ಪ ಅಂತ ಯೋಳಿವ್ನಿ. ನೀನ್ ಮಾತ್ರ ಒಲೆ ತಾವ್ಕೆ ಬರ್ಬ್ಯಾಡ ಕಣ್ಲಾ."